ಮಚ್ಚೆ ನೋಡಿ ಹೆಸರಿಡಬೇಡ

ಪಶು ಆಸ್ಪತ್ರೆಗೆ ಹೊಸದಾಗಿ ಸೇರಿದ್ದೀಯ. ಇವತ್ತಲ್ಲ ನಾಳೆ ಹಂದಿ ಸಾಕುವವರೊಬ್ಬರು ಫೋನು ಮಾಡುತ್ತಾರೆ: "ಡಾಕ್ಟ್ರೇ, ತೊಡೆ, ಕಿವಿ, ಬಾಲದ ಬುಡ ಎಲ್ಲ ನೇರಳೆಗೆ ತಿರುಗಿದೆ." ಹೋಗು, ಆದರೆ ಆ ಬಣ್ಣಕ್ಕೆ ಅಲ್ಲೇ ನಿಂತು ಹೆಸರಿಡಬೇಡ ಮಗೂ.

ಮೊದಲು ಥರ್ಮಾಮೀಟರ್ ಇಡು, ಆಮೇಲೆ ಕಾಯಿಲೆ ಬಿದ್ದವು ಎಷ್ಟು ಎಂದು ಎಣಿಸು. ದೊಡ್ಡ ಗುಂಪಿನಲ್ಲಿ ಒಂದೆರಡು ಬೆಳೆಯುವ ಹಂದಿಗಳು ಮಾತ್ರ ಮೇವು ಬಿಟ್ಟು ಮಂಕಾಗಿ, ಜ್ವರ ಅಷ್ಟಾಗಿ ಇಲ್ಲದೆ, ಹಿಂಗಾಲಿನ ಮೇಲೆ ಉಬ್ಬಿದ ಮಚ್ಚೆ ತೋರಿಸಿದರೆ ಪಿಡಿಎನ್‌ಎಸ್ ನೆನಪಾಗಲಿ. ಚರ್ಮ, ಮೂತ್ರಪಿಂಡ ಎರಡನ್ನೂ ಹಿಡಿಯುವ ಈ ಕಾಯಿಲೆಯನ್ನು ಬ್ರಿಟನ್ನಿನ ವೈದ್ಯರು 1993ರಲ್ಲಿ ವರದಿ ಮಾಡಿದರು. ಹಿನ್ನೆಲೆಯಲ್ಲಿ ಹೆಚ್ಚಾಗಿ ಸರ್ಕೊವೈರಸ್-2 ಇರುತ್ತದೆ. ಆದರೂ ರಕ್ತನಾಳ ಕೆಡಿಸುವುದು ಹಂದಿಯ ದೇಹದ ರೋಗನಿರೋಧಕ ಪ್ರತಿಕ್ರಿಯೆಯೇ ಎಂದು ತಿಳಿದವರು ಹೇಳುತ್ತಾರೆ. ಬದುಕಿರುವ ಹಂದಿಯ ರಕ್ತ ತೆಗೆದು ಯೂರಿಯಾ, ಕ್ರಿಯಾಟಿನಿನ್ ನೋಡಿಸು. ಚರ್ಮ ಮುಚ್ಚಿಟ್ಟಿದ್ದನ್ನು ಅವು ಬಿಚ್ಚಿಡುತ್ತವೆ.

ಚೌಕಾಕಾರದ ದದ್ದು, ಜೋರು ಜ್ವರ ಕಂಡರೆ ಎರಿಸಿಪೆಲಾಸ್ ಇರಬಹುದು. ಪೆನಿಸಿಲಿನ್‌ಗೆ ಬಗ್ಗುತ್ತದೆ, ಆದರೆ ಗಾಯವಾದ ಕೈಗೆ ಅಂಟುತ್ತದೆ. ಕೈಗವಸು ಮರೆಯಬೇಡ.

ಈಗ ಮುಖ್ಯ ಮಾತು. ಜ್ವರ 41 ಡಿಗ್ರಿ ಮುಟ್ಟಿ, ದಿನಕ್ಕೊಂದರಂತೆ ಸಾಯುತ್ತಿದ್ದರೆ ಚಾಕು ಚೀಲದಲ್ಲೇ ಇರಲಿ. ಅದು ಹಂದಿ ಜ್ವರವೋ, 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಕೊಯ್ದ ಹೆಣದ ರಕ್ತ ಇಡೀ ಕೊಟ್ಟಿಗೆಗೆ ವೈರಸ್ ಹಂಚುತ್ತದೆ. ಇಲಾಖೆಗೆ ತಿಳಿಸು, ಮಾದರಿ ಅವರ ಮೂಲಕವೇ ಭೋಪಾಲಿನ ಪ್ರಯೋಗಾಲಯಕ್ಕೆ ಹೋಗಲಿ. ಫಲಿತಾಂಶ ಬರುವವರೆಗೆ ಒಂದು ಹಂದಿಯೂ ಗೇಟು ದಾಟಬಾರದು. ಸಾಯುವ ಮೊದಲೇ ಮಾರಿಬಿಡೋಣ ಅನ್ನುವ ಆಸೆ ಮಾಲೀಕನಿಗೆ ಬಂದೇ ಬರುತ್ತದೆ. ಸಾಲ ಮಾಡಿದವನು ಅವನು, ಬೈಯಬೇಡ, ಕೂರಿಸಿಕೊಂಡು ಹೇಳು.

ಹಂದಿ ಜ್ವರಗಳ ಭಯ ನಿವಾರಣೆಯಾದ ಮೇಲೆ ಕೊಯ್ದು ನೋಡು. ಪಿಡಿಎನ್‌ಎಸ್‌ನಲ್ಲಿ ಎರಡೂ ಮೂತ್ರಪಿಂಡ ಊದಿ, ಬಿಳಚಿ, ಮೇಲೆಲ್ಲ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಹಂದಿ ಜ್ವರದಲ್ಲೂ ಚುಕ್ಕೆ ಬರುತ್ತದೆ, ಹಾಗಾಗಿ ಕಣ್ಣನ್ನೇ ನಂಬಬೇಡ. ಮೂತ್ರಪಿಂಡ, ಚರ್ಮ, ದುಗ್ಧಗ್ರಂಥಿಗಳ ತೆಳು ತುಂಡುಗಳನ್ನು ಹತ್ತು ಪಾಲು ಫಾರ್ಮಾಲಿನ್‌ನಲ್ಲಿ ಹಾಕಿ ಕಳಿಸು. ಇನ್ನೊಂದಿಷ್ಟು ಮಂಜುಗಡ್ಡೆಯಲ್ಲಿರಲಿ.

ಪಿಡಿಎನ್‌ಎಸ್‌ಗೆ ಔಷಧಿಯಿಲ್ಲ, ಮೂರು ತಿಂಗಳ ವಯಸ್ಸು ದಾಟಿದವು ಹೆಚ್ಚಾಗಿ ಉಳಿಯುವುದಿಲ್ಲ. ಅದನ್ನು ಮಾಲೀಕನಿಗೆ ನೇರ ಹೇಳಿ, ಮುಂದಿನ ಮರಿಗಳಿಗೆ ಸರ್ಕೊವೈರಸ್ ಲಸಿಕೆಯ ಮಾತು ತೆಗೆ.