ಟ್ರೋಫಿ ಇಲ್ಲದ ಸಂಜೆಯಾಟ

ಗೋವಾದಲ್ಲಿ ವರ್ಷಗಳಿಂದ ನೆಲೆಸಿರುವ ಕನ್ನಡಿಗನಾಗಿ ನನಗೆ ಖಚಿತವಾಗಿರುವ ಸಂಗತಿ ಒಂದಿದೆ: ಆಟದ ಹುಚ್ಚು ಬೇರೆ, ದಿನಾ ಮೈ ದಣಿಸುವ ರೂಢಿ ಬೇರೆ. ಹುಚ್ಚಿಗೆ ಇಲ್ಲಿ ಬರವಿಲ್ಲ. 2012ರಲ್ಲಿ ಫುಟ್‌ಬಾಲನ್ನು ರಾಜ್ಯ ಕ್ರೀಡೆಯೆಂದು ಘೋಷಿಸಲಾಯಿತು. ಇಲ್ಲಿನ ಡೆಂಪೊ ಕ್ಲಬ್ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದೆ. ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣ 2017ರಲ್ಲಿ 17 ವರ್ಷದೊಳಗಿನ ಹುಡುಗರ ವಿಶ್ವಕಪ್ ಪಂದ್ಯಗಳನ್ನೂ 2022ರಲ್ಲಿ ಅದೇ ವಯಸ್ಸಿನ ಹುಡುಗಿಯರ ವಿಶ್ವಕಪ್ ಪಂದ್ಯಗಳನ್ನೂ ಕಂಡಿತು. ಮರುವರ್ಷ 37ನೇ ರಾಷ್ಟ್ರೀಯ ಕ್ರೀಡಾಕೂಟದ ಉದ್ಘಾಟನೆಯೂ ಅಲ್ಲೇ ಆಯಿತು. ಅದೇ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆ ಪ್ರಕಟವಾದಾಗ ದೇಶದಲ್ಲೇ ಮೊದಲ ಸ್ಥಾನ ಗೋವಾದ್ದು. ದೇಶದ ಸರಾಸರಿ ಶೇ. 11.4 ಇದ್ದರೆ ಇಲ್ಲಿ ಶೇ. 26.4. ಈ ಲೆಕ್ಕ ವಯಸ್ಕರದ್ದು. ಅದರ ಹಿಂದೆ ಊಟ, ಕುಡಿತ, ಕೈಯಲ್ಲಿ ಓಡಾಡುವ ಹಣ, ವಯಸ್ಸಾದವರ ಸಂಖ್ಯೆ ಎಲ್ಲವೂ ಇರಬಹುದು. ಹಾಗಾಗಿ ತಪ್ಪನ್ನೆಲ್ಲ ಓಡಾಡದ ಮೈಯ ತಲೆಗೆ ಕಟ್ಟಲಾರೆ. ಆದರೂ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತಂತೂ ಸ್ಪಷ್ಟ. ಕ್ರೀಡಾಂಗಣ ಕಟ್ಟಿಸಿ ಪಂದ್ಯ ನಡೆಸಿದ ಮಾತ್ರಕ್ಕೆ ಊರಿನ ಮೈ ಗಟ್ಟಿಯಾಗುವುದಿಲ್ಲ.

ಇದು ಗೋವಾದ ಕಥೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಓಡಾಡಬೇಕು. 146 ದೇಶಗಳ 11ರಿಂದ 17ರ ವಯಸ್ಸಿನ ಶಾಲಾ ಮಕ್ಕಳ ಮಾಹಿತಿ ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 81ರಷ್ಟು ಮಕ್ಕಳು ಈ ಮಟ್ಟ ಮುಟ್ಟಿರಲಿಲ್ಲ. ಭಾರತದಲ್ಲಿ ಮುಟ್ಟದವರು ಸುಮಾರು ಮುಕ್ಕಾಲು ಪಾಲು, ಅಂದರೆ ಜಗತ್ತಿಗಿಂತ ನಾವು ಸ್ವಲ್ಪ ಮೇಲು. ಸಮಾಧಾನಪಡುವ ಮೊದಲು ಅಧ್ಯಯನಕಾರರು ಊಹಿಸಿದ ಕಾರಣಗಳನ್ನು ಓದಬೇಕು: ಹುಡುಗರಿಗೆ ಕ್ರಿಕೆಟ್ಟು, ಹುಡುಗಿಯರಿಗೆ ಮನೆಗೆಲಸ. ಈ ಎರಡನೆಯ ಕಾರಣಕ್ಕೆ ಆಮೇಲೆ ಬರುತ್ತೇನೆ.

ಪಂದ್ಯದಿಂದ ರೂಢಿ ಹುಟ್ಟದಿರುವುದಕ್ಕೆ ಕಾರಣ ಪಂದ್ಯದ ಸ್ವಭಾವದಲ್ಲೇ ಇದೆ. ಪಂದ್ಯವೆಂದರೆ ಆಯ್ಕೆ. ನೂರಾರು ಮಕ್ಕಳಿರುವ ಶಾಲೆಯಿಂದ ತಂಡಕ್ಕೆ ಹೋಗುವವರು ಹದಿನೈದೋ ಹದಿನೆಂಟೋ ಮಂದಿ; ಮಿಕ್ಕವರ ಪಾಲಿಗೆ ಉಳಿಯುವುದು ಚಪ್ಪಾಳೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ, ಮೈ ಬೆಳೆಯುತ್ತ ಅಂಕೆಗೆ ಸಿಗದೆ ಮುಜುಗರ ಹುಟ್ಟಿಸುವ ಹೊತ್ತಿನಲ್ಲೇ, 'ನೀನು ಆಟಗಾರ, ನೀನಲ್ಲ' ಎಂಬ ತೀರ್ಪು ಬಿದ್ದುಬಿಡುತ್ತದೆ. ತೀರ್ಪು ಕೊಟ್ಟ ಪಿ.ಟಿ. ಮೇಷ್ಟ್ರು ಅದನ್ನು ಸಂಜೆಗೆ ಮರೆಯುತ್ತಾರೆ, ಕೇಳಿಸಿಕೊಂಡ ಮಗು ಮರೆಯುವುದಿಲ್ಲ. ಗೋವಾ ಬೋರ್ಡು ಹತ್ತು, ಹನ್ನೆರಡನೆಯ ತರಗತಿಯ ಪರೀಕ್ಷೆಗಳಲ್ಲಿ ಕ್ರೀಡೆಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಆ ಪದ್ಧತಿಯನ್ನು ಹೀಗಳೆಯಲಾರೆ. ಓದಿನಲ್ಲಿ ಹಿಂದಿದ್ದು ಕಾಲಲ್ಲಿ ಮುಂದಿರುವ ಹುಡುಗ ಇದರಿಂದ ಪಾಸಾಗಿ ಕಾಲೇಜಿನ ಬಾಗಿಲು ಕಾಣುತ್ತಾನೆ, ಅದು ಸಣ್ಣ ಉಪಕಾರವಲ್ಲ. ಆದರೆ ಅಂಕಕ್ಕಾಗಿ ಓಡಿದ ಕಾಲು ಅಂಕಪಟ್ಟಿ ಕೈಗೆ ಬಂದ ದಿನ ನಿಂತರೆ ಆಶ್ಚರ್ಯಪಡುವಂತಿಲ್ಲ. ಬಹುಮಾನಕ್ಕೆ ಮಾಡಿದ ಕೆಲಸದ ಆಯುಷ್ಯ ಬಹುಮಾನದಷ್ಟೇ.

ಹಾಗಾದರೆ ರೂಢಿ ಹುಟ್ಟುವುದು ಎಲ್ಲಿ? ನನ್ನ ಉತ್ತರ ಕೊಯ್ಲು ಮುಗಿದ ಗದ್ದೆಯಲ್ಲಿದೆ. ಇಲ್ಲಿನ ಸಾಲ್ಸೆಟ್ ತಾಲೂಕಿನ ಹಳ್ಳಿಗಳಲ್ಲಿ ಭತ್ತ ಮನೆ ಸೇರಿ ಗದ್ದೆ ಒಣಗಿದ ಮೇಲೆ ಸಂಜೆ ಅಲ್ಲಿ ಆಟ ಶುರುವಾಗುತ್ತದೆ. ಕೂಳೆ ಚುಚ್ಚುತ್ತದೆಂದು ಕೆಲವರು ಹಳೇ ಬೂಟು ಹಾಕಿರುತ್ತಾರೆ, ಉಳಿದವರದು ಬರಿಗಾಲು. ಗೋಲಿಗೆ ಎರಡು ಬಿದಿರು, ಅದೂ ಇಲ್ಲದಿದ್ದರೆ ಬಿಚ್ಚಿಟ್ಟ ಚಪ್ಪಲಿ. ತಡವಾಗಿ ಬಂದವನನ್ನು ಯಾರೂ ವಾಪಸು ಕಳಿಸುವುದಿಲ್ಲ, ಯಾವ ಕಡೆ ಒಬ್ಬ ಕಮ್ಮಿಯೋ ಆ ಕಡೆ ಸೇರಿಸುತ್ತಾರೆ. ಎರಡೂ ಕಡೆ ಸಮವಿದ್ದರೆ ಕಾಲುವೆಗೆ ಬಿದ್ದ ಚೆಂಡು ತರುವ ಕೆಲಸ ಅವನದು, ಯಾರಾದರೂ ದಣಿದು ಕೂತ ಕೂಡಲೇ ಆ ಜಾಗವೂ ಅವನದೇ. ದಪ್ಪ ಹುಡುಗನಿಗೂ ಅಲ್ಲಿ ಕೆಲಸವಿದೆ, ಅವನು ಗೋಲ್‌ಕೀಪರ್. ಎಷ್ಟು ಗೋಲಾಯಿತೆಂಬ ಲೆಕ್ಕ ಜಗಳಕ್ಕೆ ಮಾತ್ರ ಬೇಕು, ಮರುದಿನಕ್ಕೆ ಅದು ಬರುವುದಿಲ್ಲ. ಏಳರ ಚರ್ಚಿನ ಗಂಟೆ ಬಡಿದಾಗಲೋ ಚೆಂಡು ಕಾಣದಷ್ಟು ಕತ್ತಲಾದಾಗಲೋ ಆಟ ಮುಗಿಯಿತು. ಇಲ್ಲಿ ವ್ಯಾಯಾಮ ಮಾಡುತ್ತಿದ್ದೇನೆ ಎಂದುಕೊಂಡವರು ಒಬ್ಬರೂ ಇಲ್ಲ. ಆದರೆ ದಿನಕ್ಕೊಂದು ತಾಸು ಉಸಿರು ಏರಿರುತ್ತದೆ, ನಾಳೆಯೂ ಏರುತ್ತದೆ, ಏಕೆಂದರೆ ಹೋಗದಿದ್ದರೆ 'ಯಾಕೋ ಬರಲಿಲ್ಲ?' ಎಂದು ಕೇಳುವವರಿದ್ದಾರೆ.

ಇದರಲ್ಲಿ ಹಳ್ಳಿಯ ಹಂಬಲ ಬೆರೆತಿದೆ ಎನ್ನುವವರಿಗೆ ಪುರಾವೆ ಬೇರೆಡೆಯಿಂದ ಕೊಡಬಲ್ಲೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹಿಂಬಾಲಿಸಿ, ಒಂದು ಹೊಸ ಕೆಲಸ ಯೋಚಿಸದೆಯೇ ಆಗುವಂತಾಗಲು ಎಷ್ಟು ದಿನ ಬೇಕೆಂದು ಅಳೆದರು. ಸರಾಸರಿ 66 ದಿನ ಎಂದು ಬಂತು. ಕೆಲವರಿಗೆ 18, ಕೆಲವರಿಗೆ ಲೆಕ್ಕ 254ರವರೆಗೂ ಹೋಯಿತು. ಅವರೆಲ್ಲ ಮಾಡಿದ್ದು ಹೊಸ ಕೆಲಸವನ್ನು ದಿನಾ ಒಂದೇ ಸಂದರ್ಭಕ್ಕೆ ಕಟ್ಟಿಹಾಕಿದ್ದು, ತಿಂಡಿಯಾದ ಮೇಲೆ ಎಂಬಂತೆ. ಒಂದು ದಿನ ತಪ್ಪಿದರೆ ಅಂಥ ನಷ್ಟವಾಗಲಿಲ್ಲ ಎಂಬುದೂ ಅಲ್ಲಿ ಕಂಡ ಸಂಗತಿ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿ ಆರಂಭಿಸಿದ 'ಡೈಲಿ ಮೈಲ್' ಇದೇ ತತ್ವದ್ದು: ದಿನಾ ಹದಿನೈದು ನಿಮಿಷ, ಹಾಕಿದ ಬಟ್ಟೆಯಲ್ಲೇ, ಓಡಬಲ್ಲವರು ಓಡಿ, ಆಗದವರು ನಡೆದು, ಗೆದ್ದವರು ಸೋತವರು ಎಂದಿಲ್ಲದೆ. ಅದು ಎಷ್ಟೋ ದೇಶಗಳ ಶಾಲೆಗಳಿಗೆ ಹಬ್ಬಿತು. ಗದ್ದೆಯ ಹುಡುಗರು ಮಾಡುವುದೂ ಇದನ್ನೇ. ವರ್ಷಕ್ಕೊಂದು ಕ್ರೀಡಾದಿನದಲ್ಲಿ ಭಾಷಣ ಮಾಡಿ 'ವ್ಯಾಯಾಮ ಮಾಡಿರಿ' ಎಂದರೆ ಈ ಕೆಲಸ ಆಗದು. ಹದಿನೈದು ವರ್ಷದವರಿಗೆ ನಲವತ್ತರಲ್ಲಿ ಬರುವ ಸಕ್ಕರೆ ಕಾಯಿಲೆಯ ಹೆದರಿಕೆ ತೋರಿಸುವುದಂತೂ ಶುದ್ಧ ವ್ಯರ್ಥ. ಆ ವಯಸ್ಸಿಗೆ ನಲವತ್ತೆಂಬುದು ಬೇರೆಯವರಿಗೆ ಬರುವ ವಯಸ್ಸು.

ತಂದೆತಾಯಿಯರ ದೊಡ್ಡ ಆಕ್ಷೇಪ ಓದಿನದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಕದ ಮೇಲೆ ಬದುಕು ನಿಂತಿರುವ ಮನೆಗಳಲ್ಲಿ ಅದು ನ್ಯಾಯವಾದ ಭಯ. ಆದರೆ ಲೆಕ್ಕ ಹಾಕಿ ನೋಡೋಣ. ಗೋವಾದ ಬಹುತೇಕ ಶಾಲೆಗಳು ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಬಿಡುತ್ತವೆ. ಸಂಜೆ ನಾಲ್ಕೂವರೆವರೆಗೆ ಬೆಂಚಿನ ಮೇಲೆ ಕೂರುವ ಕರ್ನಾಟಕದ ಮಕ್ಕಳಿಗೆ ಇಲ್ಲದ ಸೌಲಭ್ಯವಿದು. ಇಷ್ಟಿದ್ದೂ ಹೊತ್ತಿಲ್ಲ ಎಂದರೆ ಆ ಹೊತ್ತು ಎಲ್ಲಿ ಹೋಯಿತೆಂದು ಕೇಳಬೇಕಾಗುತ್ತದೆ. ಊಟ, ನಿದ್ದೆ, ಒಂದು ಟ್ಯೂಷನ್, ಇನ್ನೊಂದು ಟ್ಯೂಷನ್, ನಡುವೆ ಮೊಬೈಲು. ಟ್ಯೂಷನ್ನಿಗೆ ನಡೆದು ಹೋಗುವುದೂ ಉಳಿದಿಲ್ಲ. ಅರ್ಧ ಕಿಲೋಮೀಟರಿಗೂ ಅಪ್ಪನ ಸ್ಕೂಟರಿನ ಹಿಂದೆ ಕೂರುತ್ತಾರೆ, ಇಲ್ಲವೇ ಹದಿನಾರು ತುಂಬುವ ಮೊದಲೇ ತಾವೇ ಓಡಿಸುತ್ತಾರೆ, ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡವೆಂದು 2019ರ ಕಾನೂನು ತಿದ್ದುಪಡಿ ಹೇಳುತ್ತಿದ್ದರೂ. ಇನ್ನು ಆಟದಿಂದ ಓದು ಕೆಡುತ್ತದೆಯೇ ಎಂಬ ಪ್ರಶ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ 50 ಅಧ್ಯಯನಗಳನ್ನು ಪರಿಶೀಲಿಸಿದಾಗ, ಶಾಲೆಯ ದೈಹಿಕ ಚಟುವಟಿಕೆಗೂ ಓದಿಗೂ ಕಂಡ ಸಂಬಂಧಗಳಲ್ಲಿ ಸುಮಾರು ಅರ್ಧ ಅನುಕೂಲಕರ, ಉಳಿದರ್ಧ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಕೆಡುಕು ಕಂಡದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ. ಆಡಿದರೆ ಅಂಕ ಏರುತ್ತದೆಂದು ಇದರಿಂದ ಆಣೆ ಹಾಕಲಾಗದು. ಇಳಿಯುತ್ತದೆಂಬ ಭಯಕ್ಕೆ ಆಧಾರವಿಲ್ಲ ಎನ್ನಲು ಮಾತ್ರ ಇಷ್ಟು ಸಾಕು.

ಹುಡುಗಿಯರ ವಿಷಯದಲ್ಲಿ ನನ್ನ ವಾದಕ್ಕೇ ಪೆಟ್ಟು ಬೀಳುತ್ತದೆ. ಗದ್ದೆಯ ಆಟ ಎಲ್ಲರಿಗೂ ತೆರೆದದ್ದು ಎಂದೆ. ಅಲ್ಲಿ ಹುಡುಗಿಯರು ಎಷ್ಟು ಮಂದಿ ಎಂದು ಕೇಳಿದರೆ ತಲೆ ತಗ್ಗಿಸಬೇಕು. 2011ರ ಜನಗಣತಿಯಂತೆ ಗೋವಾದಲ್ಲಿ ಕನ್ನಡ ತಾಯಿನುಡಿಯವರು ಶೇ. 4.6ರಷ್ಟು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ಜುವಾರಿನಗರ, ಬೈನಾಗಳ ಸಣ್ಣ ಖೋಲಿಗಳಲ್ಲಿರುವ ಕುಟುಂಬಗಳು ಇವರಲ್ಲಿ ಬಹಳ. ಅವ್ವ ಕೆಲಸದಿಂದ ಬರುವಷ್ಟರಲ್ಲಿ ನೀರು ತುಂಬಿಸಿ, ಪಾತ್ರೆ ತೊಳೆದು, ತಮ್ಮನನ್ನು ನೋಡಿಕೊಂಡು, ಒಲೆಗೆ ಅನ್ನ ಇಡಬೇಕಾದವಳು ಮಗಳು. 'ಮನೆಗೆಲಸಕ್ಕಿಂತ ಬೇರೆ ವ್ಯಾಯಾಮ ಯಾಕ್ರೀ?' ಎಂಬ ಮಾತು ಇಂಥ ಮನೆಗಳಲ್ಲಿ ಸಹಜವಾಗಿ ಬರುತ್ತದೆ. 2019ರ ಅಧ್ಯಯನದ ಊಹೆಯೂ ಅದೇ ಅಲ್ಲವೇ? ಕೊಡ ಹೊತ್ತು ಮೆಟ್ಟಿಲು ಹತ್ತುವುದು ಶ್ರಮವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದುಡಿದು ದಣಿದ ಮೈಯನ್ನು ತೋರಿಸಿ ಆಟ ಬೇಡವೆನ್ನುವುದಾದರೆ ಕೂಲಿಗೆ ಹೋಗುವ ಅವಳ ಅಣ್ಣನಿಗೂ ಬೇಡವೆನ್ನಬೇಕು. ಅವನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಮೂಳೆ ಗಟ್ಟಿಯಾಗುವ ವಯಸ್ಸೇ ಇದು. ಜಿಗಿಯುವ, ಓಡುವ, ಭಾರ ಬೀಳುವ ಆಟ ಈಗ ಕೊಟ್ಟಷ್ಟನ್ನು ಮುಪ್ಪಿನಲ್ಲಿ ಮಾತ್ರೆ ಕೊಡಲಾರದು. ಖೊಖೊ, ಕಬಡ್ಡಿ ಆ ಕಡೆಯ ಮನೆಗಳಿಗೆ ಹೊಸದೇನಲ್ಲ, ಖರ್ಚೂ ಇಲ್ಲ. ಬೇಕಾಗಿರುವುದು ಕಣ್ಣೆದುರಿನ ಜಾಗ ಮತ್ತು ಹುಡುಗರು ಬಂದು ಆಕ್ರಮಿಸದ ಒಂದು ತಾಸು. ಒಬ್ಬಳನ್ನೇ ಕಳಿಸಲು ಅಂಜುವ ಅವ್ವ ಓಣಿಯ ಐದಾರು ಹುಡುಗಿಯರು ಒಟ್ಟಿಗೆ ಹೋಗುವುದಾದರೆ ಒಪ್ಪಬಹುದು. ತಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂದರೆ, ಅವನನ್ನೂ ಕರೆದುಕೊಂಡು ಹೋಗಲಿ, ಚೆಂಡು ಹೆಕ್ಕಲು ಒಬ್ಬ ಬೇಕೇ ಬೇಕು.

ಇನ್ನು ಜಾಗ. ಪಣಜಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆಗೆ ಗೋವಾದ ಹುಡುಗರು ಹೆದರುವವರಲ್ಲ, ಕೆಸರಿನಲ್ಲಿ ಆಡುವುದೇ ಅವರಿಗೆ ಹೆಚ್ಚು ಖುಷಿ. ತೊಡಕು ಬೇರೆ: ಆ ತಿಂಗಳುಗಳಲ್ಲಿ ಗದ್ದೆ ಭತ್ತದ್ದು, ಅದು ನ್ಯಾಯವೂ ಹೌದು. ಜಾಗಕ್ಕೆ ಅಂಟಿದ ರೂಢಿ ಜಾಗ ಹೋದೊಡನೆ ಸಡಿಲವಾಗುತ್ತದೆ. ಅಕ್ಟೋಬರಿನಲ್ಲಿ ಗದ್ದೆ ಮರಳಿ ಸಿಗುವ ಹೊತ್ತಿಗೆ ಕೆಲವರು ಕಳಚಿಕೊಂಡಿರುತ್ತಾರೆ, ಹೆಚ್ಚಾಗಿ ಆ ವರ್ಷ ಹತ್ತನೆಯ ತರಗತಿಗೆ ಬಂದವರು. ಮಳೆಗಾಲಕ್ಕೆ ಬೇರೆ ಜಾಗ ಬೇಕು, ಅದು ಪ್ರತಿ ಊರಲ್ಲೂ ಕಟ್ಟಿ ನಿಂತಿದೆ: ಶಾಲೆ. ಜಗಲಿಯಿದೆ, ಮೆಟ್ಟಿಲಿದೆ, ಮೈದಾನವಿದೆ, ಎಷ್ಟೋ ಕಡೆ ಸಭಾಂಗಣವೂ ಇದೆ. ಹಗ್ಗದಾಟಕ್ಕೆ ಹತ್ತಡಿ ಸಾಕು. ಆದರೆ ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಗೇಟಿಗೆ ಬೀಗ. ಬೀಗಕ್ಕೆ ಕಾರಣ ಕೇಳಿದರೆ ಬರುವ ಉತ್ತರ, ಮಗು ಬಿದ್ದು ಕೈ ಮುರಿದುಕೊಂಡರೆ ಹೊಣೆ ಯಾರು ಎಂಬುದು. ಇದನ್ನು ನೆಪವೆಂದು ತಳ್ಳಿಹಾಕಬಾರದು. ಪ್ರಕರಣ ಮೈಮೇಲೆ ಬಂದರೆ ಮುಖ್ಯೋಪಾಧ್ಯಾಯರು ಒಬ್ಬರೇ ನಿಲ್ಲಬೇಕಾಗುತ್ತದೆ. ಅವರ ಹೆದರಿಕೆ ಕಳೆಯುವ ಕೆಲಸ ಪಾಲಕ–ಶಿಕ್ಷಕ ಸಂಘದ್ದು ಮತ್ತು ಪಂಚಾಯಿತಿಯದು: ಐದರಿಂದ ಆರೂವರೆಯವರೆಗೆ ಗೇಟು ತೆರೆದಿಡಲು ಲಿಖಿತ ಒಪ್ಪಿಗೆ, ಸರದಿಯಂತೆ ಇಬ್ಬರು ಪಾಲಕರ ಹಾಜರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಾರದಲ್ಲಿ ಮೂರು ದಿನ ಮೈದಾನ ಹುಡುಗಿಯರದು. ಮುಂದಿನ ಪಾಲಕರ ಸಭೆಯಲ್ಲಿ ಟ್ಯೂಷನ್ನಿನ ಮಾತು ಮುಗಿದ ಮೇಲೆ ಇದನ್ನೂ ಎತ್ತಬಹುದು. ಬೀಗದ ಕೈ ಯಾರ ಹತ್ತಿರ ಇರಬೇಕೆಂಬಲ್ಲಿ ಚರ್ಚೆ ಶುರುಮಾಡಿದರೆ ಉಳಿದದ್ದು ಹಿಂದೆಯೇ ಬರುತ್ತದೆ.