ಐವತ್ತರ ದಶಕದ ಫ್ರಿಜ್ಜನ್ನು ಮನೆಗೆ ತರುವ ಮುನ್ನ

ದುಂಡನೆಯ ಮೂಲೆಗಳು, ಉದ್ದನೆಯ ಕ್ರೋಮ್ ಹಿಡಿ, ತಿಳಿಗುಲಾಬಿಯೋ ಹಸಿರುನೀಲಿಯೋ ಬಳಿದ ಉಕ್ಕಿನ ಮೈ. 1950ರ ದಶಕದ ಅಮೆರಿಕನ್ ಫ್ರಿಜ್ಜುಗಳಿಗೆ ಕಾರಿನ ಕಳೆ ಸುಮ್ಮನೆ ಬಂದದ್ದಲ್ಲ. ಫ್ರಿಜಿಡೇರ್ ಆಗ ಜನರಲ್ ಮೋಟರ್ಸ್ ಕಂಪನಿಯ ಸ್ವತ್ತು. ಕೆಲ್ವಿನೇಟರ್ 1937ರಲ್ಲೇ ನ್ಯಾಶ್ ಎಂಬ ಕಾರು ಕಂಪನಿಯೊಂದಿಗೆ ಒಂದಾಗಿತ್ತು. ಟ್ರ್ಯಾಕ್ಟರಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ ಕೆಲವು ವರ್ಷ ಫ್ರಿಜ್ ಮಾಡಿ ಮಾರಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಯಾರಿಗಾದರೂ ಇಂಥದ್ದೊಂದನ್ನು ಅಡುಗೆಮನೆಗೆ ತರುವ ಆಸೆ ಹುಟ್ಟಿದ್ದರೆ, ಮುಂದಿನ ಮಾತು ಅವರಿಗೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತುಕ್ಕು, ಬಣ್ಣ, ಬಾಗಿಲ ರಬ್ಬರು, ವೈರು ಎಲ್ಲವನ್ನೂ ಸರಿಪಡಿಸಬಹುದು. ಗ್ಯಾಸ್ ಸುತ್ತುವ ಕೊಳವೆಗಳು ಮತ್ತು ಕಂಪ್ರೆಸರ್ ಕೆಟ್ಟಿದ್ದರೆ ಹೊಸಬರು ಅದನ್ನು ಮುಟ್ಟದಿರುವುದೇ ಮೇಲು. ನೋಡಲು ಎಷ್ಟೇ ಕುರೂಪವಾಗಿರಲಿ, ಓಡುತ್ತಿರುವ ಫ್ರಿಜ್ಜನ್ನೇ ಕೊಳ್ಳಿ.

ಏಕೆಂದು ತಿಳಿಯಬೇಕಾದರೆ ಫ್ರಿಜ್ ತಂಪಾಗುವ ಬಗೆ ಗೊತ್ತಿರಬೇಕು. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಎಳೆದುಕೊಂಡು ಹೋಗುತ್ತದಲ್ಲ, ಇಲ್ಲೂ ಅದೇ ಕೆಲಸ. ವ್ಯತ್ಯಾಸವೆಂದರೆ, ಫ್ರಿಜ್ಜಿನಲ್ಲಿ ಆವಿಯಾದದ್ದು ಹೊರಗೆ ಹೋಗುವುದಿಲ್ಲ. ಫ್ರೀಜರಿನ ತಟ್ಟೆಯೊಳಗೆ ದ್ರವ ಆವಿಯಾಗಿ ತಂಪು ಕೊಡುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂದಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಶಾಖ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಮೊಹರು ಹಾಕಿದ ಈ ಸುತ್ತು ಎಪ್ಪತ್ತು ವರ್ಷ ಸೋರದೆ ಉಳಿದಿದ್ದರೆ ಇನ್ನಷ್ಟು ಕಾಲ ಉಳಿಯುವ ಸಂಭವ ಚೆನ್ನಾಗಿದೆ. ಒಮ್ಮೆ ಸೋರಿತೋ, ತೊಂದರೆ ಶುರು.

ತೊಂದರೆ ಆ ಗ್ಯಾಸಿನದೇ. ಮೊದಮೊದಲ ಫ್ರಿಜ್ಜುಗಳಲ್ಲಿ ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂಥ ವಿಷಾನಿಲಗಳಿದ್ದವು. 1927ರಲ್ಲಿ ಬಂದ, ತಲೆಯ ಮೇಲೆ ದುಂಡು ಯಂತ್ರ ಹೊತ್ತ ಜಿ.ಇ. ಕಂಪನಿಯ ಮಾನಿಟರ್ ಟಾಪ್ ಚಿತ್ರದಲ್ಲಿ ಮುದ್ದಾಗಿ ಕಾಣುತ್ತದೆ; ಅದರೊಳಗಿದ್ದದ್ದೂ ಮೊದಲಿಗೆ ಗಂಧಕದ ಡೈಆಕ್ಸೈಡೇ. ಕಲಿಯುವವರು ಅದರ ತಂಟೆಗೆ ಹೋಗಬೇಡಿ. 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಫ್ರಿಯಾನ್-12 ಕಂಡುಹಿಡಿದರು. ವಿಷವಲ್ಲ, ಬೆಂಕಿ ಹತ್ತುವುದೂ ಇಲ್ಲ. ಪೆಟ್ರೋಲಿಗೆ ಸೀಸ ಸೇರಿಸುವುದನ್ನು ಕಂಡುಹಿಡಿದವರೂ ಇದೇ ಮಿಜ್ಲಿ ಮಹಾಶಯರು. ಎರಡೂ ಮುಂದೆ ಲೋಕಕ್ಕೆ ದುಬಾರಿಯಾದವು. ಈ ಗ್ಯಾಸು ಓಜೋನ್ ಪದರವನ್ನು ಕೊರೆಯುತ್ತದೆಂದು ಗೊತ್ತಾದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಬಂತು, ಅಮೆರಿಕದಲ್ಲಿ 1995ರ ಕೊನೆಗೆ ಅದರ ತಯಾರಿಕೆ ನಿಂತಿತು. ಇಂದು ಅಲ್ಲಿ ಪ್ರಮಾಣಪತ್ರವಿಲ್ಲದವರು ಈ ಕೊಳವೆ ಬಿಚ್ಚುವಂತಿಲ್ಲ, ಗ್ಯಾಸನ್ನು ಗಾಳಿಗೆ ಬಿಡುವಂತೆಯೂ ಇಲ್ಲ. ಬದಲಿಗೆ ಬಂದ 134ಎ ಎಂಬ ಗ್ಯಾಸು ಕಂಪ್ರೆಸರಿನೊಳಗಿನ ಹಳೆಯ ಖನಿಜ ಎಣ್ಣೆಯೊಂದಿಗೆ ಬೆರೆಯುವುದಿಲ್ಲ. ಐಸೊಬ್ಯುಟೇನ್‌ನಂಥವು ಬೆಂಕಿ ಹಿಡಿಯುವ ಜಾತಿ. “ಸ್ವಲ್ಪ ಗ್ಯಾಸ್ ತುಂಬಿಸಿದರೆ ಸಾಕು, ಓಡುತ್ತೆ” ಎನ್ನುವ ಮಾರಾಟಗಾರನಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ನೋಡಲು ಹೋಗುವಾಗ ಒಂದು ಥರ್ಮಾಮೀಟರ್ ಜೊತೆಗಿರಲಿ. ಫ್ರಿಜ್ಜನ್ನು ನಿಮ್ಮ ಎದುರೇ ಚಾಲೂ ಮಾಡಿಸಿ, ಗಂಟೆಯಾದರೂ ಕಾಯಿರಿ. ಫ್ರೀಜರಿನ ತಟ್ಟೆಯ ತುಂಬ ಸಮನಾಗಿ ಹಿಮ ಕೂರಬೇಕು. ಒಂದು ಮೂಲೆಯಲ್ಲಷ್ಟೇ ಕೂತರೆ ಗ್ಯಾಸ್ ಕಡಿಮೆಯಾಗಿದೆಯೆಂದು ಅನುಮಾನಿಸಿ. ಹಿಂದಿನ ಕೊಳವೆ ಬೆಚ್ಚಗಾಗಬೇಕು. ಕಂಪ್ರೆಸರ್ ಹೊರಡಲು ಹೋಗಿ, ಗುಂಯ್ ಎಂದು, ಟಕ್ ಎಂದು ನಿಂತು, ಮತ್ತೆ ಹಾಗೇ ಮಾಡುತ್ತಿದ್ದರೆ ಕೆಟ್ಟಿರುವುದು ಮೋಟಾರನ್ನು ಚಾಲೂ ಮಾಡುವ ರಿಲೇ ಇರಬಹುದು, ಮೋಟಾರೂ ಇರಬಹುದು. ರಿಲೇ ಆದರೆ ಚಿಕ್ಕ ಕೆಲಸ. ಯಾವುದೆಂದು ಗೊತ್ತಾಗದೆ ದುಡ್ಡು ಕೊಡಬೇಡಿ. ಸಾಗಿಸುವಾಗ ನಿಂತ ಭಂಗಿಯಲ್ಲೇ ಸಾಗಿಸಿ. ಮಲಗಿಸಲೇಬೇಕಾಗಿ ಬಂದರೆ, ಮನೆಗೆ ಬಂದ ಮೇಲೆ ಒಂದು ದಿನ ನಿಲ್ಲಿಸಿಟ್ಟು, ಎಣ್ಣೆ ಕಂಪ್ರೆಸರಿಗೆ ಇಳಿದ ನಂತರವೇ ಸ್ವಿಚ್ ಹಾಕಿ.

ಈಗ ಬಾಗಿಲು. ಇದರ ಬಗ್ಗೆ ತುಸು ನಿಧಾನವಾಗಿ ಹೇಳುತ್ತೇನೆ. ಹಳೆಯ ಬಾಗಿಲುಗಳಿಗೆ ಲೋಹದ ಚಿಲಕವಿತ್ತು. ಒಮ್ಮೆ ಮುಚ್ಚಿತೆಂದರೆ ಒಳಗಿನಿಂದ ತೆರೆಯಲು ಬರುತ್ತಿರಲಿಲ್ಲ. ಎಸೆದ ಫ್ರಿಜ್ಜುಗಳೊಳಗೆ ಕಣ್ಣುಮುಚ್ಚಾಲೆಯಾಡುತ್ತ ಅಡಗಿದ ಮಕ್ಕಳು ಉಸಿರುಕಟ್ಟಿ ಸತ್ತರು. ಅಮೆರಿಕ 1956ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. 1958ರ ಅಕ್ಟೋಬರ್ 30ರಿಂದ ತಯಾರಾದ ಪ್ರತಿ ಮನೆಬಳಕೆಯ ಫ್ರಿಜ್ಜೂ ಒಳಗಿನಿಂದ ತೆರೆಯುವಂತಿರಬೇಕಾಯಿತು. ಇಂದಿನ ಅಯಸ್ಕಾಂತದ ರಬ್ಬರು ರೂಢಿಗೆ ಬಂದದ್ದು ಈ ದಾರಿಯಲ್ಲೇ. ನೀವು ಇಷ್ಟಪಟ್ಟ ಸುಂದರಿ ಆ ದಿನಾಂಕಕ್ಕಿಂತ ಹಿಂದಿನವಳಾದರೆ, ರಿಪೇರಿ ಮುಗಿಯುವವರೆಗೆ ಬಾಗಿಲನ್ನೇ ಕಳಚಿ ಬೇರೆ ಕಡೆ ಇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚಿಲಕದ ಫ್ರಿಜ್ ಬೇಡವೇ ಬೇಡ ಎನ್ನುವವನು ನಾನು. 1958ರ ನಂತರದ್ದೂ ಚೆನ್ನಾಗಿಯೇ ಇರುತ್ತದೆ.

ಚಿಲಕದ ಬಾಗಿಲಿನ ರಬ್ಬರು ಒತ್ತಡದಿಂದ ಕೂರುವಂಥದ್ದು, ಒಳಗೆ ಟೊಳ್ಳು. ಹಳೆಯದರ ತುಂಡೊಂದನ್ನು ಕತ್ತರಿಸಿ, ಅದರ ಅಡ್ಡಕೊಯ್ತಕ್ಕೆ ಹೊಂದುವುದನ್ನೇ ತರಿಸಿ. ಹಾಕಿದ ಮೇಲೆ ಬಾಗಿಲ ಸಂದಿಗೆ ನೋಟೊಂದನ್ನು ಸಿಕ್ಕಿಸಿ ಎಳೆದುನೋಡಿ. ಸುಲಭವಾಗಿ ಜಾರಿ ಬಂದ ಜಾಗದಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಹಳೆಯ ರಬ್ಬರ್ ಹೊದಿಕೆ ಕೈಯಲ್ಲೇ ಪುಡಿಯಾಗುತ್ತದೆ, ಎಷ್ಟೋ ಫ್ರಿಜ್ಜುಗಳಿಗೆ ಅರ್ಥಿಂಗ್ ಇಲ್ಲ, ಮೈಯೆಲ್ಲ ಉಕ್ಕು. ಮೂರು ತಂತಿಯ ಹೊಸ ವೈರು ಹಾಕಿಸಿ, ಅರ್ಥ್ ತಂತಿಯನ್ನು ಫ್ರಿಜ್ಜಿನ ಮೈಗೆ ಬಿಗಿಸಬೇಕು.

ಬಾಗಿಲ ಚೌಕಟ್ಟಿನ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಗಳು ತೆಗೆಯುವಾಗ ಪಟ್ಟೆಂದು ಮುರಿಯುತ್ತವೆ. ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿಕೊಂಡು ಎಬ್ಬಿಸಿ. ಅವುಗಳ ಹಿಂದೆ ಗಾಜಿನ ಹತ್ತಿ ಸಿಗುತ್ತದೆ; ಒದ್ದೆಯಾಗಿ ನಾರುತ್ತಿದ್ದರೆ ಮಾಸ್ಕು, ಕೈಗವಸು ಹಾಕಿಕೊಂಡು ಬದಲಿಸಿ. ಒಳಗಿನ ಪಿಂಗಾಣಿ ಲೇಪಕ್ಕೆ ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರು ಸಾಕು. ಹೊರಗಿನ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷಿಸದೆ ಒಣದಾಗಿ ಉಜ್ಜಬೇಡಿ. ಹೊಸ ಬಣ್ಣ ಕಾರಿಗೆ ಪೇಂಟ್ ಮಾಡುವವರ ಕೆಲಸ.

ಬೆಂಗಳೂರು, ಮೈಸೂರಿನಲ್ಲಿರುವವರಿಗೂ ಒಂದು ಮಾತು. ಅಮೆರಿಕದ ಫ್ರಿಜ್ಜು ಓಡುವುದು 115 ವೋಲ್ಟ್, 60 ಹರ್ಟ್ಸ್‌ನಲ್ಲಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ನಮ್ಮ 50 ಹರ್ಟ್ಸನ್ನು ಬದಲಿಸುವುದಿಲ್ಲ. ಮೋಟಾರು ನಿಧಾನವಾಗಿ ತಿರುಗುತ್ತ ಹೆಚ್ಚು ಕಾಯುತ್ತದೆ. ಹಡಗಿನ ಬಾಡಿಗೆ ಕೊಟ್ಟು ತರಿಸುವ ಬದಲು ಇಲ್ಲಿಯದನ್ನೇ ಹುಡುಕಿ. ಗೋದ್ರೆಜ್ 1958ರಿಂದಲೇ ಫ್ರಿಜ್ ಮಾಡುತ್ತಿದೆ, ಹೈದರಾಬಾದಿನ ಆಲ್ವಿನ್ ಫ್ರಿಜ್ಜುಗಳೂ ಇದ್ದವು. ನಮ್ಮ ವಿದ್ಯುತ್ತಿಗೇ ಹೊಂದಿಕೊಂಡವು ಅವು.

ಕರೆಂಟ್ ಬಿಲ್ಲಿಗೆ ಹೆದರುವವರಿಗೆ ಸಮಾಧಾನದ ಸಂಗತಿ: ಒಂಟಿ ಬಾಗಿಲಿನ ಈ ಸರಳ ಯಂತ್ರಗಳಲ್ಲಿ ಹಿಮ ಕರಗಿಸುವ ಹೀಟರೂ ಇಲ್ಲ, ಫ್ಯಾನೂ ಇಲ್ಲ. ನಿಜವಾದ ಹೊಟ್ಟೆಬಾಕಗಳು 1970ರ ದಶಕದ ದೊಡ್ಡ ಫ್ರಾಸ್ಟ್‌ಫ್ರೀ ಫ್ರಿಜ್ಜುಗಳು. ಹೀಟರಿಲ್ಲದ ಕಾರಣ ಹಿಮ ಕರಗಿಸುವ ಕೆಲಸ ನಿಮ್ಮದು. ಕಾಲಂಗುಲ ಕಟ್ಟುವಷ್ಟರಲ್ಲಿ ಸ್ವಿಚ್ ಆರಿಸಿ, ಬಿಸಿನೀರಿನ ಬಟ್ಟಲು ಒಳಗಿಡಿ. ಚಾಕುವಿನಿಂದ ಕೆತ್ತಲು ಹೋದರೆ ತೆಳ್ಳನೆಯ ತಟ್ಟೆ ತೂತಾಗಿ, ಅಷ್ಟು ವರ್ಷ ಉಳಿದ ಗ್ಯಾಸ್ ಒಂದು ನಿಮಿಷದಲ್ಲಿ ಹೋಗುತ್ತದೆ.

ಮೊದಲ ವಾರ ಹಾಲು, ಮಾಂಸ ಏನೂ ಇಡದೆ ನೀರಿನ ಲೋಟದಲ್ಲಿ ಥರ್ಮಾಮೀಟರ್ ಮುಳುಗಿಸಿಟ್ಟು ಬೆಳಗ್ಗೆ ಸಂಜೆ ನೋಡುತ್ತಿರಿ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ನಿಂತಿದ್ದರೆ ದೋಸೆಹಿಟ್ಟು, ಮೊಸರು, ಹಾಲು ಎಲ್ಲ ಒಳಗೆ ಹೋಗಬಹುದು. ಐಸ್‌ಕ್ರೀಮ್ ಮಾತ್ರ ಆ ಪುಟ್ಟ ಫ್ರೀಜರಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಅದಕ್ಕೆ ಬೇರೆ ಏರ್ಪಾಟು ಮಾಡಿಕೊಳ್ಳಿ.