ಸಿಕ್ಕಿಕೊಂಡ ನೀರು, ಸೀಳಿದ ಎಂಜಿನ್

ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ನೀರಿನ ಫೇಸ್ ಡಯಾಗ್ರಾಮ್ ನಾವೆಲ್ಲ ನೋಡಿರ್ತೀವಿ. ಬಹುತೇಕ ವಸ್ತುಗಳಲ್ಲಿ ಘನ-ದ್ರವದ ನಡುವಿನ ಗೆರೆ ಬಲಕ್ಕೆ ವಾಲಿದರೆ, ನೀರಿನದು ಎಡಕ್ಕೆ ವಾಲುತ್ತದೆ. ಪರೀಕ್ಷೆಗೆ ಬರೆದು ಮರೆತುಬಿಡ್ತೀವಿ. ಅಮೆರಿಕದ ಮಿನ್ನೆಸೋಟ, ಮಿಷಿಗನ್ ಕಡೆಯ ಬೋಟ್ ಮೆಕ್ಯಾನಿಕ್‌ಗಳಿಗೆ ಚಳಿಗಾಲ ಮುಗಿದ ಮೇಲೆ ಕೆಲಸ ಕೊಡೋದೇ ಆ ಗೆರೆ.

ಅಲ್ಲಿ ಸರೋವರಗಳು ಹೆಪ್ಪುಗಟ್ಟುವ ಮೊದಲು ಬೋಟ್‌ಗಳನ್ನು ದಡಕ್ಕೆ ತಂದು ನಿಲ್ಲಿಸುತ್ತಾರೆ. ಎಂಜಿನ್ ಒಳಗೇ ಕೂತಿರುವ ಎಷ್ಟೋ ಬೋಟ್‌ಗಳಲ್ಲಿ ಕಾರಿನ ಹಾಗೆ ರೇಡಿಯೇಟರ್ ಇರುವುದಿಲ್ಲ. ಪಂಪ್ ಸರೋವರದ ನೀರನ್ನೇ ಎಳೆದು, ಬ್ಲಾಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುತ್ತ ಹರಿಸುತ್ತದೆ. ಆಮೇಲೆ ಅದು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಎಂಜಿನ್ ನಿಂತಾಗ ಒಂದಷ್ಟು ನೀರು ವಾಟರ್ ಜಾಕೆಟ್‌ನಲ್ಲೇ ಉಳಿಯುತ್ತದೆ.

ನೀರು ಮಂಜುಗಡ್ಡೆಯಾದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಇದ್ದರೆ ತೊಂದರೆಯಿಲ್ಲ. ಮೊದಲು ತಣ್ಣಗಾದ ಕಡೆ ಗಡ್ಡೆ ಕಟ್ಟಿ ದಾರಿ ಮುಚ್ಚಿಕೊಂಡರೆ, ಒಳಗೆ ಸಿಕ್ಕಿಕೊಂಡ ನೀರಿನ ಒತ್ತಡ ಏರುತ್ತಾ ಹೋಗುತ್ತದೆ. ಎಲ್ಲಿಯವರೆಗೆ ಅಂತ ಅದೇ ಗೆರೆ ಹೇಳುತ್ತೆ: ಮೈನಸ್ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 60 ಮೆಗಾಪಾಸ್ಕಲ್, ಮೈನಸ್ 22ರ ಹೊತ್ತಿಗೆ 200ಕ್ಕೂ ಮೇಲೆ.

ಒಂದು ಒರಟು ಲೆಕ್ಕ ಹಾಕೋಣ. ಜಾಕೆಟ್ ಗೋಡೆಯ ದಪ್ಪ 5 ಮಿ.ಮೀ., ಆಧಾರವಿಲ್ಲದ ಅಗಲ 40 ಮಿ.ಮೀ. ಅಂತ ಇಟ್ಟುಕೊಳ್ಳಿ. ಅಂಚು ಬಿಗಿದ ಉದ್ದನೆಯ ಪ್ಲೇಟಿನಲ್ಲಿ ಬೆಂಡಿಂಗ್ ಸ್ಟ್ರೆಸ್ ಆ ಒತ್ತಡದ 32 ಪಟ್ಟು ಬರುತ್ತದೆ. ಗ್ರೇ ಕ್ಯಾಸ್ಟ್ ಐರನ್ 200 ಮೆಗಾಪಾಸ್ಕಲ್ ತಡೆಯುತ್ತೆ ಅಂದರೂ, ಸೀಳಲು 6 ಮೆಗಾಪಾಸ್ಕಲ್ ಸಾಕು. ಪೂರ್ತಿ ಮುಚ್ಚಿದ ಜಾಗದಲ್ಲಿ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಅಷ್ಟು ಒತ್ತಡ ಬಂದಿರುತ್ತೆ!

‘ಫ್ರೀಜ್ ಪ್ಲಗ್’ ಇದೆಯಲ್ಲ, ಅದು ಕಾಪಾಡಲ್ವಾ ಅಂತ ಕೇಳಬಹುದು. ಅದು ಎರಕ ಹೊಯ್ದ ಮೇಲೆ ಒಳಗಿನ ಮರಳು ತೆಗೆದ ರಂಧ್ರಕ್ಕೆ ಹಾಕಿದ ಮುಚ್ಚಳ, ಅಷ್ಟೇ. ಕೆಲವೊಮ್ಮೆ ಅದು ಹಾರಿ ಬ್ಲಾಕ್ ಉಳಿಯುತ್ತದೆ; ಕೆಲವೊಮ್ಮೆ ಅದೂ ಹಾರುತ್ತೆ, ಬ್ಲಾಕೂ ಸೀಳುತ್ತೆ.

ಅನುಮಾನ ಬಂದ ಎಂಜಿನ್ ಅನ್ನು ‘ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ’ ಅನ್ನಬಾರದು. ಸಿಲಿಂಡರ್‌ಗೆ ನೀರು ಇಳಿದಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಸಂಪ್‌ನ ಡ್ರೇನ್ ಬೋಲ್ಟ್ ಸಡಿಲಿಸಬೇಕು. ಎಣ್ಣೆಗಿಂತ ನೀರು ಭಾರ, ಒಳಗಿದ್ದರೆ ಅದೇ ಮುಂಚೆ ಬರುತ್ತದೆ. ಎಂಜಿನ್ ಓಡಿಸಿಬಿಟ್ಟಿದ್ದರೆ ಎರಡೂ ಕಲಸಿ, ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ. ಆಮೇಲೆ ಬ್ಲಾಕ್, ಮ್ಯಾನಿಫೋಲ್ಡ್‌ಗಳನ್ನು ಬೇರೆ ಬೇರೆಯಾಗಿ ಮುಚ್ಚಿ, ಸುಮಾರು 1 ಬಾರ್ ಗಾಳಿ ತುಂಬಿ ಗೇಜ್ ಇಳಿಯುತ್ತಾ ನೋಡಬೇಕು. ಹೊರಗಿನ ಸೀಳು ಸೋಪ್ ನೀರಿಗೆ ಗುಳ್ಳೆ ಏಳಿಸುತ್ತದೆ. ಗುಳ್ಳೆ ಇಲ್ಲದೆ ಗೇಜ್ ಇಳಿದರೆ ಸೀಳು ಒಳಗಿರಬಹುದು. ಅದೇ ಕೆಟ್ಟ ಸುದ್ದಿ.

ಮ್ಯಾನಿಫೋಲ್ಡ್ ಸೀಳಿದರೆ ಹೊಸದು ಹಾಕೋದೇ ವಾಸಿ. ಬ್ಲಾಕ್‌ನ ಹೊರಗೋಡೆಗಾದರೆ ಮೆಟಲ್ ಸ್ಟಿಚಿಂಗ್ ಇದೆ: ಸೀಳಿನುದ್ದಕ್ಕೂ ರಂಧ್ರ ಕೊರೆದು, ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಥ್ರೆಡ್ ಇರುವ ಪಿನ್‌ಗಳನ್ನು ಬಿಗಿಯುವುದು. ಇದಕ್ಕೆ ಶಾಖ ಬೇಡ. ವೆಲ್ಡಿಂಗ್ ಅಂದರೆ, ಕಾರ್ಬನ್ ಹೆಚ್ಚಿರುವ ಈ ಕಬ್ಬಿಣ ಬೇಗ ತಣ್ಣಗಾದಾಗ ಬೆಸುಗೆಯ ಪಕ್ಕದಲ್ಲೇ ಗಡುಸಾಗಿ ಮತ್ತೆ ಸೀಳುತ್ತದೆ. ಹಾಗಾಗಿ ಮೊದಲೇ ಚೆನ್ನಾಗಿ ಕಾಯಿಸಿ, ನಿಧಾನಕ್ಕೆ ಆರಿಸಬೇಕು.

ಇಷ್ಟೆಲ್ಲ ಆಗದಿರಲು ಚಳಿಗೆ ಮೊದಲೇ ಡ್ರೇನ್ ಪ್ಲಗ್ ಬಿಚ್ಚುತ್ತಾರೆ. ವಿ-8 ಆದರೆ ಬ್ಲಾಕ್‌ನ ಎರಡೂ ಬದಿ, ಎರಡೂ ಮ್ಯಾನಿಫೋಲ್ಡ್. ಪ್ಲಗ್ ಬಿಚ್ಚಿದರೂ ನೀರು ಬರದಿದ್ದರೆ ಖಾಲಿ ಅಂತ ತಿಳಿಯಬಾರದು. ತುಕ್ಕಿನ ಚಕ್ಕೆ, ಮರಳು ರಂಧ್ರ ಮುಚ್ಚಿರಬಹುದು; ತಂತಿ ಹಾಕಿ ಕೆದಕಿದ ಮೇಲೆ ಲೀಟರ್‌ಗಟ್ಟಲೆ ಸುರಿಯುವುದುಂಟು. ನಂತರ ಪ್ರೊಪಿಲೀನ್ ಗ್ಲೈಕಾಲ್ ಇರುವ ಆಂಟಿಫ್ರೀಜ್ ತುಂಬುವವರೂ ಇದ್ದಾರೆ. ಥರ್ಮೋಸ್ಟಾಟ್ ಮುಚ್ಚಿದ್ದರೆ ಅದು ಬ್ಲಾಕ್ ಒಳಗೆ ಸರಿಯಾಗಿ ಹೋಗದೆ ಬೈಪಾಸ್ ಹಿಡಿದು ಹೊರಗೆ ಬರಬಹುದು, ಒಳಗೆ ಹಳೆ ನೀರು ಹಾಗೇ ಉಳಿದಿರುತ್ತೆ.